ಮೂರನೇ ಬಾಗಿಲಿನ ಮೂಗಮ್ಮ

ಮನೆ ಸಿಕ್ಕರೆ ಯಾರಿಗಾದರೂ ಹಿಗ್ಗಾಗುತ್ತದೆ. ಮೂಗಮ್ಮನಿಗೆ ಮಾತ್ರ ಮನೆ ಸಿಕ್ಕ ದಿನ ಕೈಕಾಲು ತಣ್ಣಗಾದವು. ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು, ಹೊಸ್ತಿಲ ಈಚೆಗೇ ನಿಂತು, ಒಳಗಿನ ಮಾಳಿಗೆಯನ್ನೇ ನೋಡತೊಡಗಿದಳು.

ಚಳ್ಳಕೆರೆಯ ಸಂತೆ ಬಯಲಿನಾಚೆ ಮುನಿಸಿಪಾಲಿಟಿಯವರು ಕಟ್ಟಿಸಿದ ಹನ್ನೊಂದು ಮನೆಗಳ ಸಾಲು ಅದು. ಒಂದೊಂದು ಮನೆಗೂ ಒಂದು ಕೋಣೆ, ಒಂದು ಒಲೆ, ಮಣ್ಣಿನ ಮಾಳಿಗೆ, ಬೆಳಕು ಬೀಳಲು ಮಾಳಿಗೆಯಲ್ಲೊಂದು ಗವಾಕ್ಷಿ. ಮುಂದೆ ಉದ್ದಕ್ಕೂ ಒಂದೇ ಜಗಲಿ. ಅದರಲ್ಲಿ ಮೂರನೇ ಬಾಗಿಲು ಮೂಗಮ್ಮನದು.

"ಒಳಗೆ ಹೋಗವ್ವ, ನಿಂದೇ ಮನೆ," ಎಂದು ಮುನಿಸಿಪಾಲಿಟಿ ಮೆಂಬರು ತಿಪ್ಪೇರುದ್ರಪ್ಪನವರು ಮೂರು ಸಲ ಹೇಳಿದರು. ಮೂಗಮ್ಮ ಒಂದು ಕಾಲು ಒಳಗಿಟ್ಟಳು. ಇಟ್ಟ ಕಾಲನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡು ಜಗಲಿಯ ಮೇಲೆ ಕೂತುಬಿಟ್ಟಳು.

"ನಾನು ಇಲ್ಲೇ ಇರ್ತೀನಿ ಬುದ್ಧಿ. ಮನೆ ನೋಡ್ಕೊಂತೀನಿ."

ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ತನ್ನ ಮನೆಯನ್ನು ತಾನೇ ಹೊರಗೆ ಕೂತು ಕಾಯುವ ಒಡತಿಯನ್ನು ಅವರು ಎಲ್ಲಿ ಕಂಡಿದ್ದರು? ಅವರನ್ನು ಬೈದು ಪ್ರಯೋಜನವಿಲ್ಲ. ಮೊಳಕಾಲ್ಮೂರಿನಲ್ಲಿ ನಡೆದದ್ದು ಅವರಿಗೆ ಗೊತ್ತಿರಲಿಲ್ಲ.

ಇದು ಸಾವಿರದ ಒಂಬೈನೂರ ಹತ್ತರ ಸುಮಾರಿನ ಮಾತು. ಅದಕ್ಕೆ ಮೊದಲು ಈ ಹನ್ನೊಂದು ಮನೆಯವರೆಲ್ಲ ಊರ ಹೊರಗಿನ ಹಳೇ ಕಲ್ಲುಮಂಟಪದಲ್ಲಿ ಇದ್ದರು. ಗಾಡಿ ಹೊಡೆದು ಹೊಡೆದು ಕಣ್ಣು ಮಂಜಾದ ಕಾಟಪ್ಪ, ಗಂಡ ಬಿಟ್ಟುಹೋದ ಬಸುರಿ ಕರಿಯಕ್ಕ, ಕಂಬದ ಮರೆಯಲ್ಲಿ ಮುಸುಕು ಹಾಕಿಕೊಂಡು ಕೂರುವ ಮೂಗಮ್ಮ, ಇನ್ನೂ ಎಂಟು ಒಲೆಯವರು. ದೊಡ್ಡ ಅಧಿಕಾರಿಗಳ ಸವಾರಿ ಬರುತ್ತದೆ ಎಂದಾಗ ಮಾತ್ರ ಊರಿಗೆ ಇವರ ನೆನಪಾಗುತ್ತಿತ್ತು. ಎರಡು ಗಾಡಿ ಕಟ್ಟಿ, ಮೂಟೆಗಳ ಹಾಗೆ ತುಂಬಿ, ದೇವಸಮುದ್ರದ ದಾರಿಯಲ್ಲಿ ಇಳಿಸಿ ಬರುತ್ತಿದ್ದರು. ನಾಲ್ಕನೇ ದಿನಕ್ಕೆ ಇವರು ಕಾಲೆಳೆದುಕೊಂಡು ವಾಪಸು. ಹತ್ತು ವರ್ಷ ಹೀಗೇ ನಡೆಯಿತು. ಇದು ದಂಡದ ಕೆಲಸ ಎಂದು ಗಾಡಿಯ ಎತ್ತುಗಳಿಗಾದರೂ ಹೊಳೆದಿರಬೇಕು, ಊರಿನ ಹಿರಿಯರಿಗೆ ಹೊಳೆಯಲಿಲ್ಲ.

ಹೊಳೆದದ್ದು ಕಂಬಳಿ ವ್ಯಾಪಾರದ ತಿಪ್ಪೇರುದ್ರಪ್ಪನವರಿಗೆ. "ಅವರು ಹೋಗಲಿ ಅಂದ್ರೆ ಎಲ್ಲಿಗೆ ಹೋಗ್ಬೇಕು? ಒಂದು ಸೂರು ಕೊಡಾನ," ಎಂದರು ಮೀಟಿಂಗಿನಲ್ಲಿ. ದವಸದ ಮಂಡಿಯ ನಾಗೇಂದ್ರಪ್ಪನವರು ಮೂಗು ಮುರಿದರು. ಸಂತೆ ಬಯಲಿನಾಚೆಯ ಆ ಜಾಗದ ಮೇಲೆ ಅವರಿಗೆ ಒಂದು ಕಣ್ಣಿತ್ತು. "ಮೊದ್ಲು ಅವರು ಮೈ ತೊಳ್ಕೊಳ್ಳಲಿ, ಕುಡಿಯೋದು ಬಿಡಲಿ, ದುಡಿಯೋದು ಕಲೀಲಿ. ಆಮೇಲೆ ಸೂರಿನ ಮಾತು," ಎಂದರು. ತಿಪ್ಪೇರುದ್ರಪ್ಪನವರು ಬಿಡಲಿಲ್ಲ. "ಬಾಗಿಲೇ ಇಲ್ದೋಳು ಎಲ್ಲಿ ಮೈ ತೊಳ್ಕೊಬೇಕು ಸ್ವಾಮಿ? ಮೊದ್ಲು ಬಾಗಿಲು ಕೊಡಾನ, ಆಮೇಲೆ ಬುದ್ಧಿ ಹೇಳಾನ."

ಬರಿಯ ಗೋಡೆ ಕಟ್ಟಿ ಕೈ ತೊಳೆದುಕೊಂಡರೆ ಸಾಲದು ಎಂಬುದೂ ಅವರಿಗೆ ತಿಳಿದಿತ್ತು. ತಮ್ಮ ಅಂಗಡಿಯಿಂದಲೇ ಉಣ್ಣೆ ಕೊಟ್ಟು ನೂಲಿಸುವುದು, ಕಾಯಿಲೆಯಾದರೆ ಆಸ್ಪತ್ರೆಗೆ ಕಳಿಸುವುದು, ದಿನಾ ಬೆಳಿಗ್ಗೆ ಹನ್ನೊಂದು ಬಾಗಿಲಿಗೂ ಹೋಗಿ ವಿಚಾರಿಸಲು ಸೂಲಗಿತ್ತಿ ಕೊಟ್ರಮ್ಮನನ್ನು ನೇಮಿಸುವುದು ಎಂದು ಗೊತ್ತುಮಾಡಿಸಿದರು. ನಾಗೇಂದ್ರಪ್ಪನವರೂ ತಮ್ಮದೊಂದು ಮಾತನ್ನು ಪುಸ್ತಕದಲ್ಲಿ ಬರೆಸಿದರು: ಮನೆ ಕೊಟ್ಟ ಒಂದು ವರ್ಷದೊಳಗೆ ಆ ಸಾಲಿನಿಂದ ಊರಿಗೆ ಯಾವುದಾದರೂ ರೋಗ ಬಂದರೆ ಹನ್ನೊಂದು ಬಾಗಿಲಿಗೂ ಬೀಗ ಜಡಿದು ಎಲ್ಲರನ್ನೂ ಮಂಟಪಕ್ಕೇ ಅಟ್ಟಬೇಕು. ಈ ಮಾತು ಅಂದು ಸಂಜೆಯೇ ಮಂಟಪಕ್ಕೆ ಮುಟ್ಟಿತು. ಸಾಲಿಗೆ ಬಂದ ಮೇಲೂ ಯಾರಾದರೂ ಕೆಮ್ಮಿದರೆ ಉಳಿದ ಹತ್ತು ಮನೆಯವರು ಹೆದರಿ ತಿರುಗಿ ನೋಡುವಂತಾಯಿತು.

ಕೊಟ್ರಮ್ಮನಿಗೆ ಅರವತ್ತು ದಾಟಿತ್ತು. ಬಾಯಿತುಂಬ ಎಲೆಯಡಿಕೆ, ಬಾಯಿಗಿಂತ ದೊಡ್ಡ ಗಂಟಲು. ಹೊತ್ತು ಹುಟ್ಟುವಾಗ ಬಂದು ಮೊದಲ ಬಾಗಿಲಿಂದ ತಟ್ಟಲು ಹಿಡಿಯುತ್ತಿದ್ದಳು. "ಎದ್ದೀಯೇನವ್ವಾ?" ಒಳಗಿಂದ "ಎದ್ದೀನಿ" ಎಂದು ಬಂದರೆ ಸರಿ, ಮುಂದಿನ ಬಾಗಿಲು. ಉತ್ತರ ಬಾರದಿದ್ದರೆ ನಿಲ್ಲುವಳು, ಬರುವ ತನಕ ನಿಲ್ಲುವಳು. ಕರೆಯದೆ ಯಾರ ಮನೆಯೊಳಕ್ಕೂ ಇಣುಕಿದವಳಲ್ಲ. ಆದರೂ ಆ ತಟ್ಟುವ ಸದ್ದು ಕೇಳಿದರೆ ಮೂಗಮ್ಮನ ಎದೆ ಧಸಕ್ಕೆನ್ನುತ್ತಿತ್ತು. ಪ್ಲೇಗಿನ ಕಾಲದಲ್ಲಿ ತಪಾಸಣೆಯವರು ಹೀಗೇ ಮನೆಮನೆಯ ಕದ ತಟ್ಟುತ್ತಾ ಬರುತ್ತಿದ್ದರು.

ಎಂಟು ವರ್ಷದ ಹಿಂದೆ ಮೂಗಮ್ಮ ಮೊಳಕಾಲ್ಮೂರಿನಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದಳು. ಗಂಡ ಪೆದ್ದಣ್ಣ ರೇಷ್ಮೆ ಸೀರೆ ನೇಯುವವನು, ಮಗಳು ಲಚ್ಚಿಗೆ ಐದು ವರ್ಷ. ನಡುಮನೆಯಲ್ಲಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ಪೆದ್ದಣ್ಣ ನೇಯುತ್ತಿದ್ದ. ಆಗ ಮಗ್ಗದ ಮೇಲೆ ಯಾರದೋ ಮದುವೆಯ ಕೆಂಪು ಸೀರೆ. ಮಗ್ಗಕ್ಕೆ ಏರಿಸಿದ ಮದುವೆ ಸೀರೆಯ ಹಾಸು ನೂಲನ್ನು ನಡುವೆ ಕತ್ತರಿಸಿ ಏಳಬಾರದು, ಎದ್ದರೆ ಉಡುವ ಹುಡುಗಿಯ ಬಾಳು ಅರ್ಧಕ್ಕೇ ನಿಲ್ಲುತ್ತದೆ ಎಂಬ ಹೆದರಿಕೆ ಆ ಮನೆಯವರಿಗೆ. ಇನ್ನು ನಾಲ್ಕು ಮೊಳ ಉಳಿದಿತ್ತು. ಅಂಥ ದಿನ ಮಧ್ಯಾಹ್ನ ಅಟ್ಟದಿಂದ ಒಂದು ಇಲಿ ತೂರಾಡುತ್ತಾ ಬಂದು ಮಗ್ಗದ ಪಕ್ಕದಲ್ಲೇ ಬಿತ್ತು.

ಇಲಿ ಬಿದ್ದರೆ ಪ್ಲೇಗು ಬಂತೆಂದೇ ಅರ್ಥ, ಕೂಡಲೇ ಹೇಳಬೇಕು ಎಂದು ಡಂಗುರ ಹೊಡೆಸಿದ್ದರು. ಹೇಳಿದರೆ ಅವತ್ತೇ ಮನೆ ಬಿಡಬೇಕು, ಮಾಳಿಗೆ ಒಡೆದು ಬಿಸಿಲು ಬಿಡುತ್ತಾರೆ. ಮೂಗಮ್ಮ ಗಂಡನ ಮುಖ ನೋಡಿದಳು. "ಚೀರ ಅಯಿಪೋನೀ," ಎಂದ ಪೆದ್ದಣ್ಣ. ಅವರದು ತೆಲುಗು ಮನೆಮಾತು. ಸೀರೆ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದು ಅವನ ಲೆಕ್ಕ. ಇಲಿಯನ್ನು ಹೊರಗೆ ಎಸೆದರೆ ಯಾರಾದರೂ ನೋಡಿಬಿಟ್ಟಾರು. ಮೂಗಮ್ಮ ಮಗ್ಗದ ಗುಂಡಿಗಿಳಿದು, ಮೂಲೆಯಲ್ಲಿ ಮಣ್ಣು ಕೆದಕಿ, ಅದನ್ನು ಅಲ್ಲೇ ತನ್ನ ಕೈಯಾರೆ ಹೂತಳು. ಪೆದ್ದಣ್ಣ ಮತ್ತೆ ಅದೇ ಗುಂಡಿಗೆ ಕಾಲು ಇಳಿಬಿಟ್ಟು ಕೂತ. ಮೂರನೇ ದಿನ ಅವನ ತೊಡೆಸಂದಿನಲ್ಲಿ ಗಂಟು ಎದ್ದಿತು. ಐದನೇ ದಿನ ಅವನು ಹೋದ. ಆರನೇ ದಿನ ಲಚ್ಚಿ ಹೋದಳು.

ಮಗ್ಗ, ಬಟ್ಟೆ, ಚಾಪೆ ಎಲ್ಲವನ್ನೂ ಸುಟ್ಟರು. ಮೂಗಮ್ಮನನ್ನು ಊರಾಚೆಯ ಗುಡಿಸಲಿನಲ್ಲಿ ನಲವತ್ತು ದಿನ ಇಟ್ಟರು. ತಿರುಗಿ ಬಂದಾಗ ಅವಳ ಬಾಗಿಲಿಗೆ ಬೇರೆಯವರ ಬೀಗ. ಯಾರನ್ನೂ ಕೇಳಲಿಲ್ಲ, ಜಗಳ ಆಡಲಿಲ್ಲ. ಬಂದ ಕಾಲಲ್ಲೇ ಚಳ್ಳಕೆರೆ ದಾರಿ ಹಿಡಿದಳು. ಇಲಿಯ ಸಂಗತಿ ಮಾತ್ರ ಅವಳ ಹೊಟ್ಟೆಯೊಳಗೇ ಉಳಿಯಿತು.

ಈಗ ಹೇಳಿ, ಅವಳು ಹೆದರಿದ್ದು ಮಾಳಿಗೆಗೋ? ಅಲ್ಲ. ಅವಳು ಹೆದರಿದ್ದು ತನಗೇ. ಮನೆ ಇದ್ದರೆ ತಾನೇ ಅದು ಹೋಗಿಬಿಡುತ್ತದೆ ಎಂಬ ಭಯ? ಆ ಭಯ ಬಂದರೆ ಮನುಷ್ಯ ಏನು ಮಾಡುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಮಂಟಪದಲ್ಲಿ ಬಚ್ಚಿಡುವಂಥದ್ದು ಏನೂ ಇರಲಿಲ್ಲ.

ಕೊಟ್ರಮ್ಮ ಇದಾವುದನ್ನೂ ಕೆದಕಲಿಲ್ಲ. ಜಗಲಿಯ ಮೇಲೆ ಮಲಗಿದವಳ ಎದುರಿಗೇ ಬಂದರೂ, ಮೊದಲು ಬಾಗಿಲನ್ನೇ ತಟ್ಟಿ "ಎದ್ದೀಯೇನವ್ವಾ ಮೂಗವ್ವಾ?" ಎನ್ನುವಳು. ಮೂಗಮ್ಮ ಅವಳ ಬೆನ್ನ ಹಿಂದಿನಿಂದ "ಎದ್ದೀನಿ" ಎನ್ನಬೇಕು. ಇದು ಸಾಲಿಗೆಲ್ಲ ತಮಾಷೆಯಾಗಿತ್ತು. ಒಂದು ತಿಂಗಳ ಮೇಲೆ ಮಳೆ ಬಂತು. ಕೊಟ್ರಮ್ಮ ನೆನೆಯುತ್ತಾ ಬಂದು, "ನಾನು ಒಳಗೆ ಕುಂತ್ಕೊಂತೀನಿ, ನೀನು ಹೊಸ್ತಿಲ ಮೇಲೆ ಕುಂತ್ಕೋ. ಎಲೆ ಮಡಿಚ್ಕೊಡು," ಎಂದಳು. ಮೂಗಮ್ಮ ಹೊಸ್ತಿಲ ಮೇಲೆ ಕೂತು ಎಲೆ ಮಡಿಚಿ ಕೊಟ್ಟಳು. ಮರುದಿನ ಹೊಸ್ತಿಲಿನಿಂದ ಒಂದು ಮೊಳ ಒಳಗೆ. ಹೀಗೆ ಮೊಳದ ಲೆಕ್ಕದಲ್ಲಿ ಅವಳು ತನ್ನ ಮನೆ ಸೇರಿದಳು. ಒಲೆ ಹೊತ್ತಿಸಿದಳು. ಹಗಲೆಲ್ಲ ಜಗಲಿಯಲ್ಲಿ ಉಣ್ಣೆ ನೂಲುವಳು, ಸಂಜೆಗೆ ಮುದ್ದೆ ಬೇಯಿಸಿ ಪಕ್ಕದ ಕಾಟಪ್ಪನಿಗೂ ಒಂದು ಕೊಡುವಳು. ಆರು ತಿಂಗಳಿಗೆ ನೆಲ ಸಾರಿಸಿ ರಂಗೋಲಿ ಎಳೆದಳು. ಎಂಟು ವರ್ಷದ ಮೇಲೆ ಎಳೆದ ರಂಗೋಲಿ ಸೊಟ್ಟಗೇ ಬಂತು. ಕೊಟ್ರಮ್ಮ ನೋಡಿ, "ಹಾವು ಹರಿದಂಗೈತೆ," ಎಂದು ನಕ್ಕಳು. ಮೂಗಮ್ಮನೂ ನಕ್ಕಳು.

ಒಂಬತ್ತನೇ ತಿಂಗಳಲ್ಲಿ, ಒಂದು ದಿನ ಬೆಳಕು ಹರಿಯುವಾಗ, ಒಲೆಗೆ ಪುಳ್ಳೆ ಇಡುತ್ತಿದ್ದಳು. ಹಿಂದೆ ಏನೋ ಸರಸರ ಎಂದಿತು. ತಿರುಗಿ ನೋಡಿದಳು. ಗೋಡೆಯ ಬದಿಯಿಂದ ಒಂದು ಇಲಿ ಬರುತ್ತಿತ್ತು. ಅವಳನ್ನು ಕಂಡರೂ ಓಡಲಿಲ್ಲ. ಕುಡಿದವರ ಹಾಗೆ ಎರಡು ಸುತ್ತು ತಿರುಗಿ, ರಂಗೋಲಿಯ ಮೇಲೆ ಅಡ್ಡ ಬಿದ್ದು, ಕಾಲು ಒದರಿ ಸುಮ್ಮನಾಯಿತು.

ಮೂಗಮ್ಮನಿಗೆ ಒಂದು ಕ್ಷಣ ತಾನು ಮೊಳಕಾಲ್ಮೂರಿನಲ್ಲೇ ಇದ್ದೇನೆ ಎನಿಸಿತು. ಕೈ ಮಾತ್ರ ತನ್ನ ಪಾಡಿಗೆ ತಾನು ಕೆಲಸ ಮಾಡಿತು: ಪಕ್ಕದಲ್ಲಿದ್ದ ಮಣ್ಣಿನ ಕುಡಿಕೆಯನ್ನು ತೆಗೆದು ಇಲಿಯ ಮೇಲೆ ಬೋರಲು ಹಾಕಿತು. ಹಾಕಿದ ಮೇಲೆ ಅವಳಿಗೆ ತನ್ನ ಕೈಯನ್ನು ನೋಡಲೇ ಹೆದರಿಕೆಯಾಯಿತು.

ಅಷ್ಟರಲ್ಲಿ ಮೊದಲ ಬಾಗಿಲು ತಟ್ಟಿದ ಸದ್ದು ಕೇಳಿತು. "ಎದ್ದೀರೇನ್ರವ್ವಾ?"

ಹೇಳಿದರೆ ಹನ್ನೊಂದು ಬಾಗಿಲಿಗೂ ಬೀಗ. ನಾಗೇಂದ್ರಪ್ಪನವರು ಬರೆಸಿದ ಮಾತು ಇದ್ದೇ ಇದೆ, ಇನ್ನು ಮೂರು ತಿಂಗಳು ಕಳೆದರೆ ಆ ಗಂಡಾಂತರ ಕಳೆಯುತ್ತಿತ್ತು. ಕಣ್ಣು ಕಾಣದ ಕಾಟಪ್ಪ ಮತ್ತೆ ಮಂಟಪದ ಗಾಳಿಗೆ. ಕೂಸಿನ ತಾಯಿ ಕರಿಯಕ್ಕ ಮತ್ತೆ ಗಾಡಿಯಲ್ಲಿ. ಒಂದೇ ಇಲಿ. ಬೆಕ್ಕು ಕಚ್ಚಿರಬಹುದು. ಒಲೆಗೆ ಹಾಕಿದರೆ ಗಳಿಗೆಯಲ್ಲಿ ಬೂದಿ.

ಎರಡನೇ ಬಾಗಿಲು. "ಎದ್ದೀಯೇನಪ್ಪಾ ಕಾಟಪ್ಪಾ?" "ಎದ್ದೀನವ್ವ, ಸತ್ತಿಲ್ಲ," ಎಂದು ಕಾಟಪ್ಪ ದಿನದ ಹಾಗೇ ಅಂದ.

ಆಮೇಲೆ ಅವಳ ಬಾಗಿಲು. "ಎದ್ದೀಯೇನವ್ವಾ ಮೂಗವ್ವಾ?"

ಮೂಗಮ್ಮ ಎರಡೂ ಕೈಯಿಂದ ಕುಡಿಕೆಯನ್ನು ಒತ್ತಿ ಹಿಡಿದಿದ್ದಳು. "ಎದ್ದೀನಿ," ಎಂದಳು. ಧ್ವನಿ ಸರಿಯಾಗಿಯೇ ಬಂತು. ಅದಕ್ಕೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಭಯವಾಯಿತು. ಎಂಟು ವರ್ಷದ ಹಿಂದೆ ನೆರೆಯವಳು ಕೇಳಿದಾಗಲೂ "ಎಲ್ಲಾ ಚೆನ್ನಾಗೈತೆ" ಎಂದು ಹೀಗೇ, ಇಷ್ಟೇ ಸರಿಯಾಗಿ ಹೇಳಿದ್ದಳು. ಕೊಟ್ರಮ್ಮನ ಹೆಜ್ಜೆ ಮುಂದಕ್ಕೆ ಹೋಯಿತು. ನಾಲ್ಕನೇ ಬಾಗಿಲು. ಗೋಡೆಯಾಚೆ ಕರಿಯಕ್ಕನ ಕೂಸು ನಿದ್ದೆ ಹರಿದು ಅಳತೊಡಗಿತು. ಆ ಕೂಸು ಮಲಗುತ್ತಿದ್ದುದು ನೆಲದ ಮೇಲೆ, ಇದೇ ಗೋಡೆಯ ಬುಡದಲ್ಲಿ. ಐದನೇ ಬಾಗಿಲು. ಆರು.

ಮೂಗಮ್ಮ ಎದ್ದು ಕದವನ್ನು ಗೋಡೆಗೆ ಬಡಿಯುವಂತೆ ತೆರೆದಳು.

"ಕೊಟ್ರವ್ವಾ! ನಮ್ಮನೇಲಿ ಇಲಿ ಬಿದ್ದೈತೆ! ಎಲ್ಲಾರೂ ಹೊರಗೆ ಬರ್ರಿ! ಕೂಸು ಎತ್ಕೊಂಡು ಬಾರೇ ಕರಿಯಕ್ಕ, ಇಲಿ ಬಿದ್ದೈತೆ!"

ಸಾಲಿನವರು ಹೊರಗೆ ಬಂದರು. ಒಬ್ಬನಂತೂ, "ನಿನ್ನ ಬಾಯಿಗೆ ಮಣ್ಣು ಹಾಕ, ಸುಮ್ನಿರೋಕಾಗ್ಲಿಲ್ವಾ?" ಎಂದು ಕಲ್ಲು ಎತ್ತಿಕೊಂಡ. ಅವನದೂ ಹೆದರಿಕೆಯೇ. ಕೊಟ್ರಮ್ಮ ಅಡ್ಡ ಬಂದು ನಿಂತಳು. "ಎತ್ತಿದ ಕೈ ಇಳಿಸಲೇ. ಆಕೆ ಬಾಯಿ ಬಿಟ್ಟಿದ್ದಕ್ಕೆ ನಿನ್ನ ಜೀವ ಉಳೀತು," ಎಂದು ಗದರಿಸಿ, ಆಸ್ಪತ್ರೆಗೆ ಹೇಳಿಕಳಿಸಿದಳು.

ಆಸ್ಪತ್ರೆಯವರು ಬಂದರು, ಮೆಂಬರುಗಳು ಬಂದರು. ನಾಗೇಂದ್ರಪ್ಪನವರು ಮೂಗಿಗೆ ವಸ್ತ್ರ ಹಿಡಿದು ದೂರದಿಂದಲೇ, "ನಾನು ಹೇಳಿದ್ದೇ ಆಯ್ತಲ್ಲ. ಜಡೀರಿ ಬೀಗ," ಎಂದರು. ಆದರೆ ಆಸ್ಪತ್ರೆಯ ಡಾಕ್ಟರು ಗಟ್ಟಿ ಆಸಾಮಿ. ಸುತ್ತಮುತ್ತಲ ಜಾಗವನ್ನೆಲ್ಲ ತಪಾಸಣೆ ಮಾಡದೆ ಹೋಗುವುದಿಲ್ಲ ಎಂದು ಕೂತರು. ಮಧ್ಯಾಹ್ನದ ಹೊತ್ತಿಗೆ ನಿಜ ಹೊರಗೆ ಬಿತ್ತು. ಸಂತೆ ಬಯಲಿಗೆ ಹೊಂದಿಕೊಂಡಿದ್ದ ನಾಗೇಂದ್ರಪ್ಪನವರ ಜೋಳದ ಕೋಣೆಯಲ್ಲಿ ಎಂಟು ದಿನದಿಂದ ಇಲಿ ಬೀಳುತ್ತಿದ್ದವು. ಆಳುಗಳಿಂದ ಬುಟ್ಟಿಯಲ್ಲಿ ಹೊರಿಸಿ ಸದ್ದಿಲ್ಲದೆ ಹೂಳಿಸುತ್ತಿದ್ದರು. ಮೈ ತೊಳೆದ, ಕುಡಿಯದ, ದುಡಿಯುವ ಮನುಷ್ಯ! ಆದರೆ ಮೂಗಮ್ಮನಿಗೆ ಆ ಸುದ್ದಿ ಕೇಳಿ ಸಿಟ್ಟು ಬರಲಿಲ್ಲ. ಅವರ ಮುಖ ಬಿಳಿಚಿಕೊಂಡಿದ್ದನ್ನು ನೋಡಿ, ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಓಡಾಡುವುದು ಹೇಗಿರುತ್ತದೆ ಎಂಬುದನ್ನು ನೆನೆದು ಮುಖ ತಿರುಗಿಸಿಕೊಂಡಳು.

ಊರು ಬಿಡಬೇಕೆಂದು ಅವತ್ತೇ ಡಂಗುರವಾಯಿತು. ಸಾಲಿನವರಿಗೂ ಬಯಲಿನಲ್ಲಿ ಗುಡಿಸಲು ಹಾಕಿಸಿದರು. ಹೊರಡುವಾಗ ಮೂಗಮ್ಮ ಬಾಗಿಲು ಬಿಟ್ಟು ಕದಲಲಿಲ್ಲ. ಹೋಗಿಬಂದಾಗ ಬೇರೆಯವರ ಬೀಗ ಇರುತ್ತದೆ ಎಂಬುದು ಅವಳಿಗೆ ಹಗಲಿನಷ್ಟು ಸ್ಪಷ್ಟವಿತ್ತು. ತಿಪ್ಪೇರುದ್ರಪ್ಪನವರೇ ಬೀಗ ಹಾಕಿ, ಬೀಗದ ಕೈಯನ್ನು ಅವಳ ಸೆರಗಿನ ತುದಿಗೆ ಇಟ್ಟರು.

"ಗಂಟು ಹಾಕ್ಕೋಳವ್ವ. ಮನೆ ತೊಳೆಸೋಕೆ ನಮ್ಗೆ ಇನ್ನೊಂದು ಕೈ ಐತೆ. ಇದು ನಿನ್ ತಾವೇ ಇರ್ಲಿ."

"ನಾಗೇಂದ್ರಪ್ಪನೋರು ಬರೆಸಿದ್ದು ಬುದ್ಧಿ?"

"ಅವರ ಕೋಣೆಗೆ ಬೀಗ ಬಿದ್ದ ಮೇಲೆ ನಿಮ್ಮ ಬೀಗದ ಮಾತು ಎತ್ತೋ ಬಾಯಿ ಅವರಿಗೆಲ್ಲೈತೆ? ನಡಿ."

ಅವಳು ನಡೆದಳು. ನಂಬಿ ನಡೆದಳು ಎಂದರೆ ಸುಳ್ಳಾಗುತ್ತದೆ. ಬಯಲಿನಲ್ಲಿ ಕೂತು ದಿನಕ್ಕೆ ಹತ್ತು ಸಲ ಸೆರಗಿನ ಗಂಟನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಊರಿನಲ್ಲಿ ಜನ ಸಾಯುತ್ತಿದ್ದ ಸುದ್ದಿ ಬರುತ್ತಿತ್ತು, ಆದರೆ ಬೇಗ ಊರು ಬಿಟ್ಟಿದ್ದರಿಂದ ಹಿಂದಿನ ಸಲದಷ್ಟಿಲ್ಲ ಎಂದು ಡಾಕ್ಟರು ಹೇಳಿದರಂತೆ. ಸಾಲಿನಲ್ಲಿ ಒಬ್ಬರಿಗೂ ಗಂಟು ಏಳಲಿಲ್ಲ. ಕೊಟ್ರಮ್ಮ ಗುಡಿಸಲುಗಳಿಗೂ ದಿನಾ ಬರುತ್ತಿದ್ದಳು. ಅಲ್ಲಿ ಕದ ಎಲ್ಲಿ? ತಡಿಕೆಯನ್ನೇ ತಟ್ಟಿ ಕೂಗುತ್ತಿದ್ದಳು. ಅಲ್ಲಿಂದ ಊರೊಳಗೆ ಉಳಿದ ಕಾಯಿಲೆಯವರನ್ನು ನೋಡಲು ಹೋಗುವಳು. ಯಾರು ಬೇಡವೆಂದರೂ ಕೇಳುತ್ತಿರಲಿಲ್ಲ.

ಹದಿನೇಳನೇ ಬೆಳಿಗ್ಗೆ ಕೊಟ್ರಮ್ಮ ಬರಲಿಲ್ಲ.

ಹೊತ್ತು ಮಾರುದ್ದ ಏರಿತು. ಹನ್ನೊಂದು ಗುಡಿಸಲಿನವರೂ ಹೊರಗೆ ಬಂದು, ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತರು. ಕೊಟ್ರಮ್ಮನ ಗುಡಿಸಲು ಬಯಲಿನ ಆ ತುದಿಗಿತ್ತು. ಯಾಕೆ ಬಂದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು, ಹೋಗಿ ನೋಡುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಮೂಗಮ್ಮನಿಗಿತ್ತೇ? ಅವಳಿಗೂ ಇರಲಿಲ್ಲ. ಆದರೂ ಬಯಲು ದಾಟಿ ಹೋಗಿ ತಡಿಕೆ ತಟ್ಟಿದಳು.

"ಎದ್ದೀಯೇನವ್ವಾ, ಕೊಟ್ರವ್ವಾ?"

ಉತ್ತರ ಬರಲಿಲ್ಲ. ಕೊಟ್ರಮ್ಮ ನಿಲ್ಲುತ್ತಿದ್ದ ಹಾಗೇ ನಿಂತಳು. ಬಹಳ ಹೊತ್ತಿನ ಮೇಲೆ ಒಳಗಿಂದ, "ಒಳಗೆ ಬರ್ಬ್ಯಾಡ," ಎಂದು ಬಂತು. ಮೂಗಮ್ಮ ತಡಿಕೆ ಸರಿಸಿ ಒಳಗೆ ಹೋದಳು. ಆ ಸೂರಿನ ಕೆಳಗೆ, ಗಂಟು ಎದ್ದ ಆ ಮುದುಕಿಯ ಪಕ್ಕ ಎರಡು ಹಗಲು ಕೂತಳು. ಬಾಯಿಗೆ ನೀರು ಹನಿಸುತ್ತಾ, ಯಾರಿಗೂ ಹೇಳದ ಮಾತನ್ನು ಹೇಳಿದಳು. ಇಲಿ, ಗುಂಡಿ, ನಾಲ್ಕು ಮೊಳ, ಪೆದ್ದಣ್ಣ, ಲಚ್ಚಿ.

ಕೊಟ್ರಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದಳು. "ಆ ಸೀರೆ ಏನಾಯ್ತು?"

"ಮಗ್ಗದ ಸಮೇತ ಸುಟ್ರು."

ಕೊಟ್ರಮ್ಮ "ಈ ಸಲ ಹೇಳಿದ್ಯಲ್ಲ," ಎಂದಳು. ಆಮೇಲೆ, "ಮುಂಜಾನೇಲಿ ಸಾಲಿಗೆ ಯಾರು ಹೋಗ್ತಾರೆ? ಕೂಗದಿದ್ರೆ ಕಾಟಪ್ಪ ಏಳಲ್ಲ," ಎಂದು ಚಿಂತೆ ಮಾಡಿದಳು. ಅದೇ ಕೊನೆಯ ಮಾತು.

ನಾಲ್ಕು ತಿಂಗಳಾದ ಮೇಲೆ ಊರು ತಿರುಗಿ ತುಂಬಿತು. ಮೂಗಮ್ಮ ಸಾಲಿನ ಮುಂದೆ ಬಂದು, ಸೆರಗಿನ ಗಂಟು ಬಿಚ್ಚಿ, ಬೀಗದ ಕೈಯನ್ನು ಬೀಗದೊಳಗೆ ಇಟ್ಟಳು. ತಿರುಗಿಸಲು ಧೈರ್ಯವಾಗದೆ ಎಷ್ಟೋ ಹೊತ್ತು ಹಾಗೇ ನಿಂತಿದ್ದಳು. ಕಡೆಗೆ ತಿರುಗಿಸಿದಳು. ಬೀಗ ತೆರೆಯಿತು. ಸುಣ್ಣ ಬಳಿದ ಖಾಲಿ ಕೋಣೆ, ಗವಾಕ್ಷಿಯಿಂದ ಬಿದ್ದ ಬಿಸಿಲು. ಅವಳು ಹೊಸ್ತಿಲ ಮೇಲೆ ಕುಸಿದು ಕೂತು ಗಟ್ಟಿಯಾಗಿ ಅತ್ತಳು. ಪೆದ್ದಣ್ಣ ಹೋದಾಗ, ಲಚ್ಚಿ ಹೋದಾಗ ಬಾರದಿದ್ದ ಅಳು ಅದು.

ಮರುದಿನ ಹೊತ್ತು ಹುಟ್ಟುವಾಗ ಎದ್ದು, ಮೊದಲ ಬಾಗಿಲಿಗೆ ಹೋಗಿ ತಟ್ಟಿದಳು. ಎರಡನೆಯದು ತಟ್ಟಿದಳು. ತನ್ನದನ್ನು ಬಿಟ್ಟು ನಾಲ್ಕನೆಯದು, ಐದನೆಯದು, ಹನ್ನೊಂದರ ತನಕ. ಯಾವ ಬಾಗಿಲಲ್ಲಿ ಉತ್ತರ ಒಂದು ಗಳಿಗೆ ತಡವಾದರೂ ಅವಳ ಜೀವ ಬಾಯಿಗೆ ಬರುತ್ತಿತ್ತು. ಆಮೇಲೆ ಮುನಿಸಿಪಾಲಿಟಿಯವರು ಅವಳನ್ನೇ ಆ ಕೆಲಸಕ್ಕೆ ನೇಮಿಸಿದರು. ಹತ್ತೊಂಬತ್ತು ವರ್ಷ ಮಾಡಿದಳು. ಅಷ್ಟು ವರ್ಷವೂ ಆ ಹೆದರಿಕೆ ಹೋಗಲಿಲ್ಲ. ಹೋಗಿದ್ದರೆ ಅಷ್ಟು ಚೆನ್ನಾಗಿ ಮಾಡುತ್ತಿದ್ದಳೋ ಇಲ್ಲವೋ.

ಆ ಮೊದಲ ದಿನ ಮಾತ್ರ, ಹನ್ನೊಂದನೇ ಬಾಗಿಲಿಂದ ಅವಳು ತಿರುಗಿ ಬಂದು ತನ್ನ ಕದ ಮುಂದೆ ಮಾಡಿಕೊಂಡು ಒಲೆಯ ಮುಂದೆ ಕೂತಿದ್ದಾಗ, ಹೊರಗೆ ಗೋಡೆ ಸವರುವ ಸದ್ದಾಯಿತು. ಕಾಟಪ್ಪ ಕೈಯಿಂದ ತಡವುತ್ತಾ ಬಂದು, ಕದ ಎಲ್ಲಿದೆ ಎಂದು ಹುಡುಕಿ, ಎರಡು ಸಲ ತಟ್ಟಿದ.

"ಎಲ್ಲಾರ್ನೂ ಕೇಳಿದ್ಯಲ್ಲ, ನಿನ್ನ ಕೇಳೋರು ಯಾರು? ಎದ್ದೀಯೇನವ್ವಾ ಮೂಗವ್ವಾ?"

ಮೂಗಮ್ಮ ಹಿಡಿದ ಪುಳ್ಳೆಯನ್ನು ಒಲೆಯ ಬದಿಗಿಟ್ಟು ಕದದ ಕಡೆ ತಿರುಗಿದಳು. ಕಾಟಪ್ಪ ಹೊರಗೆ ಕಾದು ನಿಂತ.

"ಎದ್ದೀನಣ್ಣ," ಎಂದಳು.